ಚಿತ್ರದಲ್ಲಿ ಇಲ್ಲದ ಚಿಬೋಟೆ

ಸಿಟ್ಟು ಇನ್ನೂ ಇಳಿದಿಲ್ಲ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ತಣ್ಣಗಾದ ಮೇಲೆ ಬರಿ ಎಂದು ನನ್ನ ಗಂಡ ಹೇಳಿದ. ತಣ್ಣಗಾದರೆ ನಾನು ಬರೆಯುವುದೇ ಇಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ನನ್ನ ಹೆಸರು ಲಿಂದಿವೆ ಶಾವಾ. ತಾಮ್ರದ ಗಣಿಗಳ ಈ ಊರಿನಲ್ಲಿ, ನೀರು ಸರಬರಾಜು ಕಂಪನಿಯ ಡೇಟಾಬೇಸ್ ನೋಡಿಕೊಳ್ಳುವವಳು. ಯಾವ ಪೈಪು ನೆಲದಡಿ ಎಲ್ಲೆಲ್ಲಿ ಹಾದು ಹೋಗುತ್ತದೆ, ಯಾವ ವಾಲ್ವು ಯಾವ ಮಾವಿನ ಮರದ ಬುಡದಲ್ಲಿದೆ, ಯಾವ ಮೀಟರು ಯಾರ ಗೋಡೆಗೆ ಅಂಟಿಕೊಂಡಿದೆ, ಎಲ್ಲವೂ ಅದರದರ ಜಾಗದ ಸಮೇತ ಅದರಲ್ಲಿದೆ. ಬಿಸಿಲಲ್ಲಿ ಅಲೆದು, ನಾಯಿಗಳಿಂದ ಅಟ್ಟಿಸಿಕೊಂಡು, ಚರಂಡಿ ಹಾರಿ ಕೂಡಿಸಿದ್ದು ಅದು. ಅದರಲ್ಲಿ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಚಿಬೋಟೆ ಅದರಲ್ಲಿ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಬೋಟೆಯ ಪೈಪು, ಗುಡ್ಡದ ಕೆಳಗಿನ ವಾಲ್ವು, ಮೇಲಿನ ನೀರಿನ ಗೂಡಂಗಡಿಗಳು, ಒಂದೊಂದೂ ಇತ್ತು.

ತೊಂದರೆ ಏನೆಂದರೆ ಡೇಟಾಬೇಸ್ ಕಣ್ಣಿಗೆ ಕಾಣುವಂಥದ್ದಲ್ಲ. ಒಳಗೆ ಎಲ್ಲ ಇದ್ದರೂ, ಅದನ್ನು ಹೊರಗೆ ತೆಗೆದು ಪರದೆಯ ಮೇಲೆ ಗೆರೆಗಳಾಗಿ ಬಿಡಿಸಿ ತೋರಿಸಲು ಇನ್ನೊಂದು ಸಾಫ್ಟ್‌ವೇರ್ ಬೇಕು. ಅದನ್ನು ಆರಿಸಲು ಒಂದು ಸಮಿತಿ ಆಯಿತು. ಬಹಳ ತಿಂಗಳು ಬಿಸ್ಕತ್ತು ತಿಂದು, ಚಹಾ ಕುಡಿದು, ಕೊನೆಗೆ ಎರಡನ್ನು ಉಳಿಸಿಕೊಂಡಿತು. ನಮ್ಮವರು ಒಂದಕ್ಕೆ ಸೊಟ್ಟನೆಯದು ಎಂದೂ ಇನ್ನೊಂದಕ್ಕೆ ನೆಟ್ಟನೆಯದು ಎಂದೂ ಹೆಸರಿಟ್ಟರು. ಸೊಟ್ಟನೆಯದು ಪೈಪು ನೆಲದಲ್ಲಿ ಹೇಗೆ ತಿರುಗುತ್ತದೋ ಹಾಗೇ ಬಿಡಿಸುತ್ತಿತ್ತು. ಪುಕ್ಕಟೆ ಸಿಗುವಂಥದ್ದು, ಯಾರು ಬೇಕಾದರೂ ಒಳಗೆ ಕೈಹಾಕಿ ತಿದ್ದಬಹುದು. ನಾನು ಅದರ ಕಡೆ. ನೆಟ್ಟನೆಯದು ಊರಿನ ಎಲ್ಲ ಪೈಪುಗಳನ್ನೂ ಎಳೆದು ನೇರ ಮಾಡಿ, ಅಡ್ಡ ಗೆರೆ ಉದ್ದ ಗೆರೆಗಳಲ್ಲಿ ಜೋಡಿಸಿ, ರೈಲು ನಿಲ್ದಾಣದ ಬೋರ್ಡಿನ ಹಾಗೆ ತೋರಿಸುತ್ತಿತ್ತು. ನೋಡಲು ಚೆಂದ, ಅದನ್ನು ನಾನೂ ಒಪ್ಪುತ್ತೇನೆ. ಯಾವ ವಾಲ್ವು ಮುಚ್ಚಿದರೆ ಯಾರಿಗೆ ನೀರು ನಿಲ್ಲುತ್ತದೆ ಎನ್ನುವುದು ಅಂಥ ಚಿತ್ರದಲ್ಲಿ ಬೇಗ ತಿಳಿಯುತ್ತದೆ. ನೆಟ್ಟಗೆ ಬಿಡಿಸುವುದರ ಮೇಲೆ ನನಗೆ ಜಗಳವಿರಲಿಲ್ಲ. ಜಗಳ ಇದ್ದದ್ದು ಬೇರೆಯದರ ಮೇಲೆ.

ಅದನ್ನು ಮಾರಲು ಬಂದವನು ಗೋಡೆಯ ಮೇಲೆ ನಮ್ಮದೇ ಊರನ್ನು ಬಿಡಿಸಿ ತೋರಿಸಿದ. ಕತ್ತಲು ಮಾಡಿದ ಕೋಣೆಯಲ್ಲಿ ನೀಲಿ ಗೆರೆಗಳು ಮಿನುಗಿದವು. ಎಲ್ಲರೂ ಓಹೋ ಎಂದರು. ನಾನು ಗುಡ್ಡದ ಮೂಲೆ ಹುಡುಕಿದೆ. ಅಲ್ಲಿ ಬರೀ ಬಿಳಿ.

"ಚಿಬೋಟೆ ಎಲ್ಲಿ?" ಎಂದು ಕೇಳಿದೆ.

"ಯಾವುದು ಮೇಡಂ?"

"ಚಿಬೋಟೆ. ಗುಡ್ಡದ ಮೇಲಿನ ಕೇರಿ. ಅರ್ಧ ಊರಿನ ಮನೆಕೆಲಸದವರು, ಗಣಿ ಬಿಟ್ಟ ಮುದುಕರು ಇರೋ ಜಾಗ. ನಮ್ಮ ಡೇಟಾಬೇಸಲ್ಲಿ ಇದೆ, ನಿಮ್ಮ ಚಿತ್ರದಲ್ಲಿ ಇಲ್ಲ."

ಅವನು ಏನೋ ಒತ್ತಿದ, ಏನೋ ಓದಿದ, ಆಮೇಲೆ ಮುಗುಳ್ನಕ್ಕ. "ಅದು ಚೊಕ್ಕ ಮಾಡಿದೆ ಮೇಡಂ. ಯಾವ ಪೈಪಿನ ತುದೀಲಿ ಗ್ರಾಹಕರ ಖಾತೆ ಇಲ್ವೋ ಅದು ಹಳೇ ಪೈಪು, ಬಿಟ್ಟುಹೋದ ತುಂಡು ಅಂತ ತಿಳ್ಕೊಂಡು ತೆಗೆದುಹಾಕುತ್ತೆ. ಚಿತ್ರ ಗಲೀಜಾಗಬಾರದು ನೋಡಿ."

ಗಲೀಜು! ಚಿಬೋಟೆಯಲ್ಲಿ ಮನೆಮನೆಗೆ ನಲ್ಲಿ ಇಲ್ಲ. ಗೂಡಂಗಡಿಗೆ ಬಿಂದಿಗೆ ತಂದು, ಅಲ್ಲಿ ಕೂತ ಹೆಂಗಸಿನ ಕೈಗೆ ಚಿಲ್ಲರೆ ಇಟ್ಟು ನೀರು ತುಂಬಿಕೊಂಡು ಹೋಗುತ್ತಾರೆ. ಆ ಗೂಡಂಗಡಿಗಳು ಕೇರಿಯ ಸಮಿತಿಯವು, ಅವುಗಳ ಲೆಕ್ಕ ಬೇರೆ ಕಡೆ ಇರುತ್ತದೆ, ಗ್ರಾಹಕರ ಖಾತೆಯಲ್ಲಿ ಅಲ್ಲ. ಹಾಗಾಗಿ ಆ ಸಾಫ್ಟ್‌ವೇರಿನ ಕಣ್ಣಿಗೆ ಚಿಬೋಟೆಯ ತುದಿಯಲ್ಲಿ ಯಾರೂ ಇಲ್ಲ. ಇದನ್ನು ನಾನು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ನಗದೆ ಹೇಳಿದೆ. ನಗದೆ ಎನ್ನುವುದನ್ನು ದಯವಿಟ್ಟು ಗಮನಿಸಿ.

"ಇವತ್ತು ಚಿತ್ರದಿಂದ ತೆಗೀತೀರಿ. ನಾಳೆ ಈ ಚಿತ್ರ ನೋಡ್ಕೊಂಡು ಯಾರೋ ಪೈಪನ್ನೇ ಮುಚ್ತಾರೆ. ಇದನ್ನ ತಗೋಬಾರದು. ತಗೊಳ್ಳೋದೇ ಆದ್ರೆ ಮೊದಲು ಇದನ್ನ ಸರಿ ಮಾಡಿಸ್ಕೊಳ್ಳಿ."

ಇದಕ್ಕೆ ಉತ್ತರ ಕೊಟ್ಟವರು ನಮ್ಮ ನಿರ್ದೇಶಕರು, ಕಪಾಸಾ ಸಂಪಾ. ದೊಡ್ಡ ಆಳು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಕೈ ತಟ್ಟಿ ನಕ್ಕರು.

"ನೋಡ್ರಪ್ಪಾ, ನಮ್ಮ ನೆಂಟ್ತಿ ಶುರು ಮಾಡಿದ್ಲು! ಅಂಗೋನಿಗಳಿಗೆ ನೆಟ್ಟಗಿರೋದು ಯಾವುದು ಕಂಡ್ರೂ ಆಗಲ್ಲ. ಇಲಿ ಬಿಲ ಸೊಟ್ಟಗೇ ಇರ್ಬೇಕಲ್ಲ, ಅದಕ್ಕೇ!"

ಕೋಣೆಯೆಲ್ಲ ಗೊಳ್ಳೆಂದಿತು. ನನ್ನ ಮಾತು ಅಲ್ಲಿಗೆ ಸತ್ತಿತು.

ಇದು ನಮ್ಮಲ್ಲಿ ಹೇಗೆಂದು ಹೇಳಬೇಕು. ನಾನು ಅಂಗೋನಿ, ಅವರು ಬೆಂಬಾ. ಮುತ್ತಾತಂದಿರ ಕಾಲದಲ್ಲಿ ಈ ಎರಡು ಕುಲಗಳು ಈಟಿ ಹಿಡಿದು ಹೊಡೆದಾಡಿ, ಸಾಕಾಗಿ, ರಾಜಿಯಾಗಿ ನೆಂಟರಾದವು. ಮದುವೆಯ ನೆಂಟಸ್ತಿಕೆಯಲ್ಲ, ಗೇಲಿಯ ನೆಂಟಸ್ತಿಕೆ. ಎದುರಿಗೆ ಸಿಕ್ಕ ಯಾವ ಬೆಂಬಾನನ್ನಾದರೂ, ಅವನು ಮಂತ್ರಿಯೇ ಆಗಿರಲಿ, ಕೋತಿ ತಿನ್ನುವವನೇ ಎಂದು ನಾನು ಕರೆಯಬಹುದು. ಅವನು ನನ್ನನ್ನು ಇಲಿ ತಿನ್ನುವವಳೇ ಎನ್ನಬಹುದು. ಇಬ್ಬರೂ ನಗಬೇಕು, ಸಿಟ್ಟು ಮಾಡಿಕೊಂಡವರು ಸೋತ ಹಾಗೆ. ಆಫೀಸಿನ ಬಿಗುವನ್ನು ಎಷ್ಟೋ ಸಲ ಈ ಗೇಲಿ ಸಡಿಲ ಮಾಡಿದೆ, ನಾನೂ ಅದರಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ಗಂಭೀರವಾದ ಮಾತನ್ನು ಹಿಡಿದು ಗೇಲಿಯ ಚೀಲಕ್ಕೆ ತುರುಕಿದರೆ ಅದನ್ನು ಹೊರಗೆ ತೆಗೆಯುವುದು ಹೇಗೆ? ನಾನು ಸಿಟ್ಟಾದರೆ ಸೋತೆ. ನಕ್ಕರೆ ಒಪ್ಪಿಕೊಂಡ ಹಾಗೆ. ಮತ್ತೊಮ್ಮೆ ಹೇಳಿದರೆ ಇನ್ನೊಂದು ಸುತ್ತು ನಗು.

ಮತ್ತೊಮ್ಮೆ ಹೇಳಿದೆ. ಇನ್ನೊಂದು ಸುತ್ತು ನಕ್ಕರು.

ಖರೀದಿ ವಿಭಾಗದ ಹಮೂಂಗಾ ನಡಾವಳಿ ಬರೆಯುತ್ತಿದ್ದ. ಒಣಕಲು ಮನುಷ್ಯ, ಟೈ ಬಿಗಿಯಾಗಿ ಕಟ್ಟುತ್ತಾನೆ. ಸಭೆ ಮುಗಿದ ಮೇಲೆ ಅವನ ಹತ್ತಿರ ಹೋಗಿ, "ನನ್ನ ಮಾತು ಬರ್ಕೊಂಡ್ರಾ?" ಎಂದೆ.

"ಯಾವ ಮಾತು?"

"ಚಿಬೋಟೆ ಕಾಣಿಸ್ತಿಲ್ಲ ಅಂದಿದ್ದು."

"ಅಯ್ಯೋ ಅಕ್ಕ, ನೆಂಟರ ತಮಾಷೇನ ನಡಾವಳೀಲಿ ಬರೆಯೋದುಂಟಾ?" ಎಂದು ಅವನು ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡ.

ನೆಟ್ಟನೆಯದನ್ನೇ ಕೊಂಡರು. ಅದರ ಮೊದಲ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ನಿರ್ದೇಶಕರ ಕೋಣೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು. ಹೊಸ ಸೊಸೆಯನ್ನು ತೋರಿಸುವ ಮಾವನ ಸಂಭ್ರಮ ಅವರ ಮುಖದಲ್ಲಿ. ಕಪಾಸಾ ಸಂಪಾ ಕೆಟ್ಟವರಲ್ಲ, ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ನಾನು ಅವರನ್ನು ದ್ವೇಷಿಸಿ ಸುಖವಾಗಿರುತ್ತಿದ್ದೆ.

ಅಕ್ಟೋಬರ್ ಬಂತು. ನಮ್ಮಲ್ಲಿ ಅಕ್ಟೋಬರ್ ಎಂದರೆ ಆಕಾಶ ಬೂದಿ, ನೆಲ ಹೆಂಚು. ಆ ತಿಂಗಳು ನೀರಿನ ನಷ್ಟದ ಲೆಕ್ಕ ಬಿಗಿಯಾಗಿ ನೋಡುತ್ತಾರೆ, ಎಲ್ಲಿ ಎಷ್ಟು ಸೋರುತ್ತಿದೆ ಎಂದು. ನಷ್ಟದ ಸಭೆಗೆ ನನ್ನನ್ನು ಕರೆದಿರಲಿಲ್ಲ. ಚಿತ್ರ ಇರುವಾಗ ಡೇಟಾಬೇಸಿನವಳು ಯಾಕೆ? ಅವರು ಚಿತ್ರ ನೋಡಿದರು. ಗುಡ್ಡದ ಕೆಳಗೆ ಒಂದು ವಾಲ್ವು, ಅದರಾಚೆ ಏನೂ ಇಲ್ಲ. ಆದರೆ ಅಲ್ಲಿನ ಮೀಟರು ಹಗಲೆಲ್ಲ ಓಡುತ್ತಿದೆ. ಏನೂ ಇಲ್ಲದ ಕಡೆಗೆ ಇಷ್ಟು ನೀರು ಹೋಗುತ್ತದೆಂದರೆ ಅದು ಸೋರಿಕೆಯೇ, ಸತ್ತ ಲೈನು, ಮುಚ್ಚಿ ಎಂದರು. ಇಬ್ಬರು ಹೋಗಿ ವಾಲ್ವಿನ ಚಕ್ರ ತಿರುಗಿಸಿ ಬಿಗಿ ಮಾಡಿ, ಗುಂಡಿಯ ಮುಚ್ಚಳಕ್ಕೆ ಬೀಗ ಜಡಿದು ಬಂದರು. ಗುಡ್ಡದ ಮೇಲೆ ಒಮ್ಮೆ ತಲೆಯೆತ್ತಿ ನೋಡಿದ್ದರೆ ಸಾಕಿತ್ತು. ಇಡೀ ಗುಡ್ಡ ತಗಡಿನ ಸೂರುಗಳಿಂದ ಹೊಳೆಯುತ್ತದೆ. ನೋಡಲಿಲ್ಲ. ಅವರ ಕೈಯಲ್ಲಿ ಚಿತ್ರವಿತ್ತು.

ನನಗೆ ಗೊತ್ತಾದದ್ದು ಬಾನಾ ಚೊಲಾಳಿಂದ. ಚೊಲಾ ಎಂಬ ಹುಡುಗಿಯ ತಾಯಿ, ಹಾಗಾಗಿ ಆ ಹೆಸರು. ಚಿಬೋಟೆಯ ಮೇಲಿನ ಗೂಡಂಗಡಿಯಲ್ಲಿ ಕೂರುವವಳು ಅವಳೇ. ನಾನು ಜಾಗ ಗುರುತು ಹಾಕಲು ಅಲೆಯುತ್ತಿದ್ದ ಕಾಲದಿಂದ ಪರಿಚಯ. ಆಫೀಸಿನ ದೂರಿನ ಕಿಟಕಿಯ ಮುಂದೆ, ಸೊಂಟಕ್ಕೆ ಚಿತೇಂಗೆ ಬಟ್ಟೆ ಬಿಗಿದು, ಖಾಲಿ ಡಬ್ಬ ಕಾಲ ಬಳಿ ಇಟ್ಟು ನಿಂತಿದ್ದಳು. ಒಳಗೆ ಕೂತ ಹುಡುಗಿ ಪರದೆಯನ್ನು ಅವಳ ಕಡೆ ತಿರುಗಿಸಿದ್ದಳು.

"ಅಮ್ಮಾ, ಎಲ್ಲಿ ನೀರು ನಿಂತಿದೆ ಅಂತ ಚಿತ್ರದ ಮೇಲೆ ಒತ್ತಬೇಕು. ಜಾಗ ಒತ್ತದೆ ದೂರು ಮುಂದಕ್ಕೆ ಹೋಗಲ್ಲ."

"ಇಲ್ಲಿ," ಎಂದು ಬಾನಾ ಚೊಲಾ ಬೆರಳಿಟ್ಟಳು.

"ಅಲ್ಲಿ ಏನೂ ಇಲ್ಲಮ್ಮ."

"ಏನೂ ಇಲ್ದೇ ಇರೋ ಕಡೆಯಿಂದಾನೇ ಕಣೇ ನಾನು ನಡ್ಕೊಂಡು ಬಂದಿರೋದು! ನನ್ನ ಕಾಲು ನೋಡು, ಧೂಳು ನೋಡು. ಏನೂ ಇಲ್ದೇ ಇದ್ರೆ ಈ ಧೂಳು ಎಲ್ಲೀದು?"

"ನಾನೇನು ಮಾಡ್ಲಿ ಅಮ್ಮ, ಒತ್ತಿದ್ರೆ ತಗೊಳ್ತಾ ಇಲ್ಲ."

ಆ ಹುಡುಗಿಯದು ತಪ್ಪಿಲ್ಲ. ಪರದೆ ನಿಜವಾಗಿಯೂ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ವಾಲ್ವು ಮುಚ್ಚಿ ನೀರು ನಿಂತ ಮೇಲೆ ಆ ಸಾಫ್ಟ್‌ವೇರ್ ಇನ್ನಷ್ಟು ಚೊಕ್ಕ ಮಾಡಿತ್ತು. ಈಗ ವಾಲ್ವು ಕೂಡ ಚಿತ್ರದಲ್ಲಿ ಇರಲಿಲ್ಲ.

ಸೊಟ್ಟನೆಯದರಲ್ಲಿ ಚಿಬೋಟೆಯನ್ನು ಬಿಡಿಸಿ, ಕಾಗದಕ್ಕೆ ಇಳಿಸಿಕೊಂಡು, ನೇರ ನಿರ್ದೇಶಕರ ಕೋಣೆಗೆ ನುಗ್ಗಿದೆ. ಹಮೂಂಗಾ ಕೂಡ ಅಲ್ಲೇ ಇದ್ದ. ಕಾಗದ ಮೇಜಿನ ಮೇಲೆ ಹರಡಿದೆ.

"ಸರ್, ಚಿಬೋಟೆಗೆ ನೀರು ನಿಲ್ಲಿಸಿದೀರಿ. ಅದು ಸೋರಿಕೆ ಅಲ್ಲ, ಜನ. ವಾಲ್ವು ತೆಗೆಸಿ."

ಅವರು ಕನ್ನಡಕ ಏರಿಸಿ ಕಾಗದ ನೋಡಿದರು, ಗೋಡೆಯ ಚಿತ್ರ ನೋಡಿದರು. "ಇದು ನಿನ್ನ ಸೊಟ್ಟನೆಯದರಲ್ಲಿ ಬಿಡಿಸಿದ್ದಾ?"

"ಹೌದು."

"ಮತ್ತೆ? ಸೋತ ಟೆಂಡರಿನ ಚಿತ್ರ ತಂದು ಗೆದ್ದ ಚಿತ್ರ ತಪ್ಪು ಅಂತೀಯಲ್ಲ!" ನಕ್ಕರು. ಹಮೂಂಗಾನೂ ನಕ್ಕ.

"ಸರ್, ತಮಾಷೆ ಅಲ್ಲ."

"ನೆಂಟರು ಯಾವಾಗ್ಲೂ ಹಾಗೇ ಅನ್ನೋದು. ಕೇಳಿಲ್ಲಿ, ಈ ತಿಂಗಳು ನಷ್ಟ ಇಳಿದಿದೆ ಅಂತ ಲುಸಾಕಾದಲ್ಲಿರೋ ಮೇಲಿನವರು ಬೆನ್ನು ತಟ್ಟಿದಾರೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ."

"ನೀರೇ ಕೊಡದೆ ಇದ್ರೆ ನಷ್ಟ ಎಲ್ಲಿಂದ ಬರುತ್ತೆ ಸರ್? ಇಡೀ ಊರಿಗೆ ನಿಲ್ಲಿಸಿಬಿಡಿ, ನಷ್ಟ ಸೊನ್ನೆ ಆಗುತ್ತೆ!"

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂತು. ಆ ನೀರಾದರೂ ಚಿಬೋಟೆಗೆ ಹೋಗಿದ್ದರೆ ಎಂದುಕೊಂಡೆ. "ಅಯ್ಯೋ ಈ ಅಂಗೋನಿ ಬಾಯೇ! ಇದನ್ನ ನಾನು ಮೇಲಿನವರಿಗೆ ಹೇಳ್ತೀನಿ," ಎಂದರು. ಹೇಳಿದರು ಕೂಡ. ಆ ವಾರವಿಡೀ ನನ್ನ ಮಾತು ಆಫೀಸಿನಲ್ಲಿ ನಗೆಹನಿಯಾಗಿ ಓಡಾಡಿತು. ಚಹಾ ಕೋಣೆಯಲ್ಲಿ ಅದನ್ನು ನನಗೇ ಹೇಳಿದವರೂ ಇದ್ದರು.

ಹಮೂಂಗಾ ಮಾತ್ರ ಸ್ವಲ್ಪ ಕನಿಕರ ತೋರಿಸಿದ. "ಅಕ್ಕ, ಖಾತೆ ಇಲ್ಲದ ತುದೀನೂ ತೋರಿಸ್ಬೇಕು ಅಂದ್ರೆ ಮಾರಿದವರಿಗೆ ಬದಲಾವಣೆ ಅರ್ಜಿ ಹಾಕ್ಬೇಕು. ಮುಂದಿನ ವರ್ಷದ ಬಜೆಟ್ಟಲ್ಲಿ ನೋಡೋಣ."

"ಮುಂದಿನ ವರ್ಷದ ತನಕ ಅವರು ಏನು ಕುಡೀಬೇಕು?"

ಅವನು ಟೈ ಸರಿಮಾಡಿಕೊಂಡ. ಅದಕ್ಕೆ ಅವನ ಹತ್ತಿರ ಅರ್ಜಿ ಇರಲಿಲ್ಲ.

ನಾನೇ ಹೋಗಿ ಬೀಗ ತೆಗೆಯೋಣವೆಂದರೆ ಕೀಲಿ ಸ್ಟೋರಿನಲ್ಲಿ. ಸ್ಟೋರಿನವನು ಕಂಟ್ರೋಲ್ ರೂಮಿನಿಂದ ಕೆಲಸದ ಆದೇಶ ಬರದೆ ಕೊಡುವುದಿಲ್ಲ. ಆದೇಶ ಹೊರಡಬೇಕಾದರೆ ಚಿತ್ರದ ಮೇಲೆ ವಾಲ್ವನ್ನು ಒತ್ತಬೇಕು. ವಾಲ್ವು ಚಿತ್ರದಲ್ಲಿ ಇಲ್ಲ. ಎಲ್ಲ ಕಡೆ ತಿರುಗಿ ಮತ್ತೆ ಅದೇ ಗೋಡೆಗೆ ತಲೆ ಹೊಡೆದುಕೊಂಡು ನಿಂತೆ.

ಶನಿವಾರ ಚಿಬೋಟೆಗೆ ಹೋದೆ. ಬಾನಾ ಚೊಲಾಳ ಗೂಡಂಗಡಿ ಮುಚ್ಚಿತ್ತು, ನಲ್ಲಿಯ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಗುಡ್ಡದ ಹಿಂದಿನ ಕಡಿದಾದ ದಾರಿಯಲ್ಲಿ ಹೆಂಗಸರು, ಮುದುಕರು ಡಬ್ಬ ಹೊತ್ತು ಇಳಿಯುತ್ತಿದ್ದರು. ಕೆಳಗೆ ಹಳೇ ಗಣಿಯ ಮಣ್ಣಿನ ರಾಶಿಯ ಪಕ್ಕ ಒಂದು ತೊರೆ ಇದೆ, ಹಸಿರು ಬಣ್ಣದ್ದು. ಆ ಹಸಿರು ಯಾವುದರದ್ದೆಂದು ತಾಮ್ರದ ಊರಿನವರಿಗೆ ಹೇಳಬೇಕಾಗಿಲ್ಲ.

ದಾರಿಯ ತಲೆಯಲ್ಲಿ ಒಬ್ಬ ಮುದುಕ ಡಬ್ಬದ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದ. ನನ್ನ ಮಾತಿನ ಧಾಟಿ ಕೇಳಿ ಕಣ್ಣು ಕಿರಿದು ಮಾಡಿದ.

"ಅಂಗೋನಿಯಾ? ನಮ್ಮ ಗುಡ್ಡದಲ್ಲಿ ಇಲಿ ಮುಗಿದಿದಾವೆ, ವಾಪಸ್ ಹೋಗು."

"ಕೋತಿ ಒಂದು ಇನ್ನೂ ಉಳಿದಿದೆ ಅಂತ ಕೇಳಿ ನೋಡೋಕೆ ಬಂದೆ ಅಜ್ಜ."

ಹಲ್ಲಿಲ್ಲದ ಬಾಯಿ ತುಂಬ ನಕ್ಕ. ಕಪೆಂಬ್ವಾ ಅಂತ ಹೆಸರು, ಆಯುಷ್ಯವೆಲ್ಲ ಗಣಿಯ ಒಳಗೆ ಕಳೆದವನು, ಒಂಟಿ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಕೇಳಿದ ಮೇಲೆ ಅವನ ನಗು ಬೇರೆಯಾಯಿತು.

"ನಿಮ್ಮ ಸಂಪಾ ನನ್ನ ಅಕ್ಕನ ಮಗ. ನಾನು ಅವನ ಸೋದರಮಾವ. ನಮ್ಮಲ್ಲಿ ಮಾವ ಅಂದ್ರೆ ಏನು ಅಂತ ನಿನಗೆ ಗೊತ್ತಲ್ಲ? ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ."

"ಹಾಗಾದ್ರೆ ಅವರಿಗೆ ಹೇಳಬಾರದಾ ಅಜ್ಜ?"

"ಹೇಳಿದೆ. ಫೋನ್ ಮಾಡಿದೆ. ಅವನು ಚಿತ್ರ ನೋಡಿ ಏನಂದ ಗೊತ್ತಾ? ಮಾವ, ಅಲ್ಲಿ ನಮ್ಮ ಲೈನೇ ಇಲ್ಲ, ಇಷ್ಟು ದಿನ ನೀವೆಲ್ಲ ಕದ್ದ ನೀರು ಕುಡೀತಿದ್ರಿ ಅಂತ ಕಾಣುತ್ತೆ, ನನ್ನ ಮನೆಗೆ ಬಂದುಬಿಡಿ ಅಂದ. ಗಣಿಯವರು ಈ ಪೈಪು ಹಾಕುವಾಗ ಕಾಲುವೆ ಅಗೆದವನು ನಾನೇ! ನನಗೇ ಕಳ್ಳ ಅಂತಾನೆ!" ಎಂದು ಡಬ್ಬದ ಮೇಲೆ ಗುದ್ದಿದ. "ನಾನು ಹೋಗಲ್ಲ. ನೀರು ಇಲ್ಲಿಗೆ ಬರಲಿ."

ಅವನ ಡಬ್ಬ ತುಂಬಿಸಿ ತಂದುಕೊಟ್ಟೆ. ಮತ್ತೆ ಬರುತ್ತೇನೆ ಎಂದೆ. ಮತ್ತೆ ಹೋದದ್ದು ಅವನ ಸಾವಿಗೆ.

ತೊರೆಯ ದಾರಿಯಲ್ಲಿ, ತುಂಬಿದ ಡಬ್ಬ ಹೊತ್ತು ಹತ್ತುವಾಗ ಕಾಲು ಜಾರಿ ಬಿದ್ದಿದ್ದ. ಬಿದ್ದವನನ್ನು ಮೇಲೆ ತರುವಷ್ಟರಲ್ಲಿ ಜೀವ ಇರಲಿಲ್ಲ. ಸುದ್ದಿ ಆಫೀಸಿಗೆ ಬಂದಾಗ ಎಲ್ಲರೂ ನಿರ್ದೇಶಕರಿಗಾಗಿ ಮರುಗಿದರು. ಮುದುಕ ನೀರು ತರಲು ತೊರೆಗೆ ಯಾಕೆ ಹೋದ ಎಂದು ಒಬ್ಬರೂ ಕೇಳಲಿಲ್ಲ. ವಯಸ್ಸಾಗಿತ್ತು ಎಂದರು.

ಬೆಂಬಾ ಮನೆಯಲ್ಲಿ ಸಾವಾದರೆ ಗೇಲಿಯ ನೆಂಟರು ಹೋಗಲೇಬೇಕು. ಮನೆಯವರು ಅಳುತ್ತಾರೆ, ನಾವು ಅಳುವಂತಿಲ್ಲ. ನೀರು ಹೊರುವುದು, ಜೋಳದ ಹಿಟ್ಟಿನ ಮುದ್ದೆ ನ್ಶಿಮಾ ತಿರುವುವುದು, ಗುಂಡಿ ತೋಡುವುದು ನಮ್ಮ ಕೆಲಸ. ನಡುನಡುವೆ ಸತ್ತವನನ್ನೇ ಬೈದು, ಅವನ ಕೋಲು ಹಿಡಿದು ಅವನ ನಡಿಗೆ ಅಣಕಿಸಿ ಅಳುವವರನ್ನು ನಗಿಸಬೇಕು. ಪೆಟ್ಟಿಗೆ ಎತ್ತುವ ಹೊತ್ತಿಗೆ ಅಡ್ಡ ನಿಂತು, ನಮಗೆ ಕೊಡಬೇಕಾದ್ದು ಕೊಡದೆ ಹೆಣ ಬಿಡುವುದಿಲ್ಲ ಎಂದು ಹಟ ಮಾಡುವುದೂ ಉಂಟು. ಆಗ ಮನೆಯ ಹಿರಿಯ ಏನಾದರೂ ಕೊಟ್ಟು ನಮ್ಮನ್ನು ಸರಿಸಬೇಕು. ಕೊಡುವುದಿಲ್ಲ ಎನ್ನುವಂತಿಲ್ಲ. ಅಲ್ಲಿ ನೆಂಟರ ಬೇಡಿಕೆಗೆ ಎದುರು ಮಾತಿಲ್ಲ.

ನಾನು ಮುಂಜಾನೆಯೇ ಹೋದೆ. ಸೌದೆ ಇತ್ತು, ಹಿಟ್ಟು ಇತ್ತು, ಎಲೆಕೋಸು ಹೆಚ್ಚಿ ಗುಡ್ಡೆ ಹಾಕಿದ್ದರು. ನೀರಿರಲಿಲ್ಲ. ಸಾವಿನ ಮನೆಗೆ ನೀರು ತರಬೇಕಾದವಳು ನಾನು. ನಾನು ನೀರು ಕಂಪನಿಯವಳು, ಸತ್ತವನ ಸೋದರಳಿಯ ನೀರು ಕಂಪನಿಯ ನಿರ್ದೇಶಕ, ಒಲೆಯ ಮೇಲಿನ ದೊಡ್ಡ ಪಾತ್ರೆ ಒಣಗಿ ಕೂತಿದೆ. ಬಾನಾ ಚೊಲಾ ನನ್ನ ಮುಖ ನೋಡಿ, ಒಂದು ಖಾಲಿ ಡಬ್ಬ ನನ್ನ ಕೈಗಿಟ್ಟಳು. ಬೈದಿದ್ದರೆ ವಾಸಿಯಿತ್ತು. ನಾನೂ ಉಳಿದ ಹೆಂಗಸರೂ ಮತ್ತೆ ಮತ್ತೆ ಅದೇ ತೊರೆಗೆ ಇಳಿದು ಹತ್ತಿದೆವು. ಮುದುಕ ಬಿದ್ದ ಜಾಗದಲ್ಲಿ ಅವನ ಡಬ್ಬದ ಮುಚ್ಚಳ ಇನ್ನೂ ಬಿದ್ದಿತ್ತು. ಅಷ್ಟು ಜನಕ್ಕೆ ಆ ನೀರು ಎಲ್ಲಿ ಸಾಲಬೇಕು?

ಮಧ್ಯಾಹ್ನ ಪೆಟ್ಟಿಗೆ ಎತ್ತುವ ಹೊತ್ತು. ಚರ್ಚಿನ ಹೆಂಗಸರು ಹಾಡುತ್ತಿದ್ದರು. ಸಂಪಾ ಕಪ್ಪು ಸೂಟಿನಲ್ಲಿ, ಬೆವರಿನಲ್ಲಿ ತೊಯ್ದು, ಮುಂದೆ ನಿಂತಿದ್ದರು. ಕಣ್ಣು ಕೆಂಪಾಗಿದ್ದವು. ಮಾವನನ್ನು ಅವರು ಪ್ರೀತಿಸುತ್ತಿದ್ದರು, ಅದು ನಾಟಕವಲ್ಲ. ನಾನು ಒಂದು ಖಾಲಿ ಡ್ರಮ್ಮನ್ನು ಉರುಳಿಸಿಕೊಂಡು ಹೋಗಿ ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಅದರ ಮೇಲೆ ಕೂತೆ.

"ಹೆಣ ಬಿಡಲ್ಲ," ಎಂದೆ.

ಗುಂಪಿನಲ್ಲಿ ನಗು ಹರಿಯಿತು. ಅತ್ತು ಸುಸ್ತಾದವರಿಗೆ ಅದೇ ಬೇಕಾಗಿತ್ತು. ಸಂಪಾ ಕೂಡ ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕು, ಜೇಬಿಗೆ ಕೈಹಾಕಿ ನೋಟು ತೆಗೆದರು. "ತಗೋ ನೆಂಟ್ತಿ, ಇಲಿ ಕೊಂಡ್ಕೋ."

"ನೋಟು ಬೇಡ. ನನಗೆ ಈ ಡ್ರಮ್ಮು ತುಂಬ ನೀರು ಬೇಕು. ನಿಮ್ಮ ಮಾವನ ನಲ್ಲಿಯಿಂದ."

ನಗು ಇನ್ನೊಮ್ಮೆ ಎದ್ದಿತು, ಆದರೆ ಈ ಸಲ ಅರ್ಧಕ್ಕೇ ನಿಂತಿತು. ಚಿಬೋಟೆಯವರು ನಗಲಿಲ್ಲ. ಅವರು ನಗದೆ ಇದ್ದದ್ದು ಉಳಿದವರಿಗೆ ಕೇಳಿಸಿತು.

"ಲಿಂದಿವೆ, ಇಲ್ಲಿ ಬೇಡ," ಎಂದರು ಸಂಪಾ ತಗ್ಗಿದ ದನಿಯಲ್ಲಿ.

"ಇಲ್ಲಿ ಅಲ್ದೆ ಇನ್ನೆಲ್ಲಿ? ಆಫೀಸಲ್ಲಿ ಹೇಳಿದ್ರೆ ನಗ್ತೀರಿ. ಸಭೇಲಿ ಹೇಳಿದ್ರೆ ನಗ್ತೀರಿ. ನೆಂಟ್ತಿ ಅಂದ್ರಲ್ಲ, ನೆಂಟ್ತಿ ಕೇಳ್ತಿದಾಳೆ, ಕೊಡಿ. ಕೊಡಲ್ಲ ಅಂದ್ರೆ ನಿಮ್ಮ ಮಾವ ಇಲ್ಲೇ ಇರ್ತಾನೆ, ನಾನೂ ಇಲ್ಲೇ ಇರ್ತೀನಿ."

ಒಬ್ಬ ಹಿರಿಯ, ಚಿಬೋಟೆಯವನು, ನೆಲಕ್ಕೆ ಕೋಲು ಕುಟ್ಟಿ, "ನೆಂಟರು ಕೇಳಿದ್ದನ್ನ ಕೊಡಬೇಕಪ್ಪ," ಎಂದ.

ಸಂಪಾ ಫೋನ್ ತೆಗೆದರು. ಕಂಟ್ರೋಲ್ ರೂಮಿಗೆ ಹಚ್ಚಿದರು. ಹಾಡು ನಿಂತಿದ್ದರಿಂದ ಆ ಕಡೆಯವನ ದನಿ ಹತ್ತಿರ ನಿಂತವರಿಗೆಲ್ಲ ಕೇಳುತ್ತಿತ್ತು.

"ಚಿಬೋಟೆ ವಾಲ್ವು ತೆಗೀರಿ. ಈಗಲೇ. ಕೀಲಿ ಕೊಟ್ಟು ಆಳು ಕಳಿಸಿ."

"ಯಾವ ವಾಲ್ವು ಸರ್?"

"ಚಿಬೋಟೆದು. ಗುಡ್ಡದ ಕೆಳಗಿರೋದು."

ಕೀಲಿಮಣೆ ಕುಟ್ಟುವ ಸದ್ದು. "ಅಲ್ಲಿ ವಾಲ್ವು ತೋರಿಸ್ತಿಲ್ಲ ಸರ್. ಲೈನೂ ಇಲ್ಲ. ಆದೇಶ ತಗೊಳ್ತಾ ಇಲ್ಲ."

"ಇದೆ ಕಣಯ್ಯಾ! ಮನೆಗಳಿವೆ, ಜನ ಇದಾರೆ!"

"ಇಲ್ಲ ಸರ್, ನಾನು ನೋಡ್ತಾನೇ ಇದೀನಿ. ಅಲ್ಲಿ ಏನೂ ಇಲ್ಲ ಸರ್."

"ನಾನು ಅಲ್ಲೇ ನಿಂತಿದೀನಿ!" ಎಂದು ಸಂಪಾ ಕೂಗಿದರು. ಇಡೀ ಗುಡ್ಡಕ್ಕೆ ಕೇಳಿಸುವ ಹಾಗೆ ಕೂಗಿದರು. "ನನ್ನ ಮಾವನ ಹೆಣ ಇಲ್ಲಿದೆ!"

ಆ ಕಡೆಯವನು ಬಹಳ ವಿನಯದಿಂದ, "ಸರ್, ಜಾಗ ಒತ್ತಿ ಕಳಿಸ್ತೀರಾ?" ಎಂದ.

ಯಾರೂ ನಗಲಿಲ್ಲ. ಸಂಪಾ ಫೋನು ಹಿಡಿದ ಕೈ ಕೆಳಗಿಳಿಸಿ ನನ್ನ ಕಡೆ ತಿರುಗಿದರು. "ಎಲ್ಲಿದೆ ಅದು?" ಎಂದು ಕೇಳಿದರು. ನೀರು ಕಂಪನಿಯ ನಿರ್ದೇಶಕರಿಗೆ ತಮ್ಮ ಮಾವನ ನೀರು ಎಲ್ಲಿಂದ ಬರುತ್ತದೆಂದು ಗೊತ್ತಿರಲಿಲ್ಲ.

ಗುಂಡಿ ತೋಡಲು ತಂದಿದ್ದ ಹಾರೆಯನ್ನು ನಾನು ಎತ್ತಿಕೊಂಡೆ. ಪೆಟ್ಟಿಗೆಯನ್ನು ಮರದ ನೆರಳಿಗೆ ಇಟ್ಟು, ಅರ್ಧ ಜನ ನಮ್ಮ ಹಿಂದೆ ಗುಡ್ಡ ಇಳಿದರು. ಬೀಗವನ್ನು ಸಂಪಾ ಅವರೇ ಹಾರೆಯಿಂದ ಮೀಟಿ ಮುರಿದರು. ಸೂಟು ಹಾಕಿಕೊಂಡೇ ವಾಲ್ವಿನ ಗುಂಡಿಗೆ ಇಳಿದರು. ಚಕ್ರ ಬಿಗಿಯಾಗಿತ್ತು, ಅವರ ಅಂಗೈ ಸುಲಿದು ರಕ್ತ ಬಂತು, ಆದರೂ ಬೇರೆಯವರನ್ನು ಇಳಿಯಗೊಡಲಿಲ್ಲ. ಕೊನೆಗೆ ಕಿರುಗುಟ್ಟಿ ತಿರುಗಿತು. ನೆಲದಡಿ ನೀರು ಗುಡ್ಡದ ಕಡೆ ಹೊರಟ ಸದ್ದು ಕಾಲಿಗೆ ತಿಳಿಯಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಹೆಂಗಸರು ಕೂಗಿದ್ದು ಕೇಳಿಸಿತು. ಬಾನಾ ಚೊಲಾಳ ದನಿ ಎಲ್ಲಕ್ಕಿಂತ ಮೇಲಿತ್ತು.

ಸಂಪಾ ಗುಂಡಿಯಿಂದ ಹತ್ತಿ ಬಂದು, ಅಂಚಿನಲ್ಲಿ ಕೂತರು. ಸುಲಿದ ಕೈ ನೋಡಿಕೊಳ್ಳುತ್ತ ಮಗುವಿನ ಹಾಗೆ ಅತ್ತರು. ನನಗೆ ಒಂದು ಕ್ಷಣ ಪಾಪ ಅನ್ನಿಸಿತು. ಹತ್ತಿರ ಹೋಗಿ ಭುಜದ ಮೇಲೆ ಕೈಯಿಡಬೇಕು ಅಂದುಕೊಂಡೆ. ಆಗ ಅವರು ತಲೆಯೆತ್ತಿ, ನಿಜವಾದ ದುಃಖದಿಂದ, ನಿಜವಾದ ಆಶ್ಚರ್ಯದಿಂದ ನನ್ನನ್ನು ಕೇಳಿದರು:

"ಲಿಂದಿವೆ, ಇದನ್ನ ನೀನು ಆವತ್ತೇ ಸರಿಯಾಗಿ ಹೇಳಬಾರದಿತ್ತಾ?"

ಏನು ಹೇಳಿದರೇನು? ಅದನ್ನೂ ಅವರು ನೆಂಟ್ತಿಯ ತಮಾಷೆ ಅಂದುಕೊಳ್ಳುತ್ತಿದ್ದರು. ಡ್ರಮ್ಮು ತುಂಬಿಸಲು ಗುಡ್ಡ ಹತ್ತಿದೆ.